ಮೀಟರ್ ಸೊನ್ನೆ ತೋರಿಸುತ್ತಿದೆ ಸರಿ, ಸೆನ್ಸರ್ ಬದುಕಿದೆಯೇ?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಕಂಪನಿಗಳಿಗೆ ಕಚ್ಚಾ ರಾಸಾಯನಿಕ ಮಾಡಿಕೊಡುವ ಘಟಕವೊಂದರಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ಇಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಹತ್ತಿರ ವಿಷಾನಿಲವಾದ ಹೈಡ್ರೋಜನ್ ಸಲ್ಫೈಡ್‌ಗೆ ನಾಲ್ಕು ಡಿಟೆಕ್ಟರ್, ಟಾಲ್ವೀನ್ ಮತ್ತು ಮೆಥನಾಲ್ ಇಡುವ ಗೋದಾಮಿನಲ್ಲಿ, ಹೊತ್ತಿಕೊಳ್ಳುವ ಆವಿ ಗಾಳಿಗೆ ಸೇರಿದ್ದನ್ನು ಹಿಡಿಯುವ ಆರು ಎಲ್‌ಇಎಲ್ ಡಿಟೆಕ್ಟರ್ ಇವೆ. ಹೋದ ತಿಂಗಳು ಕೊಳಚೆ ನೀರು ಕೂಡಿಡುವ ಈಕ್ವಲೈಸೇಶನ್ ಟ್ಯಾಂಕ್ ಕಡೆಯಿಂದ ಕೆಲಸದವನೊಬ್ಬ ಓಡಿ ಬಂದು, "ಕೊಳತ ತತ್ತಿ ವಾಸನಿ ಬರ್ಲಕತ್ತದ ರೀ ಸಾಹೇಬ್ರ, ಮೀಟರ್ ನೋಡಿದ್ರ ಸುಮ್ನ ಕುಂತದ" ಅಂದ. ಪ್ಯಾನೆಲ್ ನೋಡಿದರೆ ನಾಲ್ಕೂ ಸೊನ್ನೆ, ಹಸಿರು ದೀಪ. ಈಗ ಹೈದರಾಬಾದಿನ ಮಾರಾಟಗಾರರೊಬ್ಬರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸೆನ್ಸರ್ ತೋರಿಸಿ, ಇನ್ನು ಮೇಲೆ ಗ್ಯಾಸ್ ಹಿಡಿದು ಡಿಟೆಕ್ಟರ್ ಸ್ಪಂದಿಸುತ್ತದೆಯೇ ಎಂದು ನೋಡುವ ಬಂಪ್ ಟೆಸ್ಟ್ ಮಾಡುವುದೇ ಬೇಡ, ಸಿಲಿಂಡರ್ ಖರ್ಚೂ ಉಳಿಯುತ್ತದೆ ಎನ್ನುತ್ತಿದ್ದಾರೆ. ಮ್ಯಾನೇಜ್‌ಮೆಂಟ್‌ಗೆ ಮಾತು ಹಿಡಿಸಿದೆ. ನಂಬಬಹುದೇ? ಹಳೆಯ ಡಿಟೆಕ್ಟರ್‌ಗಳನ್ನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಬೆರೆತಿವೆ. ಮೊದಲನೆಯದು, ವಾಸನೆ ಬಂದರೂ ಸೊನ್ನೆ ತೋರಿಸಿದ ಡಿಟೆಕ್ಟರ್ ಸತ್ತಿದೆಯೇ ಎಂಬುದು. ಎರಡನೆಯದು, ಹೊಸ ಸೆನ್ಸರ್ ಬಂದರೆ ಆ ಅನುಮಾನ ತೀರುತ್ತದೆಯೇ ಎಂಬುದು.

ವಾಸನೆಯ ವಿಷಯದಲ್ಲಿ ಅವಸರ ಬೇಡ. ಹೈಡ್ರೋಜನ್ ಸಲ್ಫೈಡ್‌ನ ಕೊಳೆತ ಮೊಟ್ಟೆಯ ವಾಸನೆಯನ್ನು ಮೂಗು ಒಂದು ಪಿಪಿಎಂನ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ) ನೂರನೇ ಭಾಗದ ಆಸುಪಾಸಿನಲ್ಲೇ ಹಿಡಿಯುತ್ತದೆ. ನಿಮ್ಮ ಡಿಟೆಕ್ಟರ್ ಒಂದೊಂದು ಪಿಪಿಎಂ ಹೆಜ್ಜೆಯಲ್ಲಿ ಎಣಿಸುವಂಥದ್ದು. ಅದೂ ಅಲ್ಲದೆ ಸೊನ್ನೆಯ ಸುತ್ತ ಅಂಕಿ ಕುಣಿಯದಿರಲಿ ಎಂದು ತಯಾರಕರು ಸಣ್ಣ ಸಣ್ಣ ಓದುಗಳನ್ನು ಬೇಕೆಂತಲೇ ಸೊನ್ನೆ ಎಂದು ತೋರಿಸುವುದುಂಟು. ಹಾಗಾಗಿ ವಾಸನೆ ಇದ್ದು ಮೀಟರ್ ಸೊನ್ನೆ ತೋರಿಸಿದರೆ ಎರಡೂ ಸರಿಯೇ ಇರಬಹುದು. ಇದಕ್ಕೆ ಉಲ್ಟಾ ಆದದ್ದೇ ಅಪಾಯ: 100 ಪಿಪಿಎಂ ಸುಮಾರಿಗೆ ಮೂಗಿನ ನರ ಸೋತು ವಾಸನೆ ಮಾಯವಾಗುತ್ತದೆ. "ಈಗ ವಾಸನಿ ಹೋತು" ಎಂದು ಗುಂಡಿಗೆ ಇಳಿದವರು ಮೇಲೆ ಬರದೇ ಇರುವುದಕ್ಕೆ ಇದೇ ಕಾರಣ. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಈ ಅನಿಲಕ್ಕೆ ಇಟ್ಟಿದ್ದ ಮಿತಿ 8 ಗಂಟೆಯ ಸರಾಸರಿಗೆ 10 ಪಿಪಿಎಂ, 15 ನಿಮಿಷಕ್ಕೆ 15 ಪಿಪಿಎಂ. ಮೂಗು ಆ ಮಿತಿಗಿಂತ ಬಹಳ ಕೆಳಗೆ ಚುರುಕಾಗಿರುತ್ತದೆ, ಬಹಳ ಮೇಲೆ ಕುರುಡಾಗುತ್ತದೆ. ಅದನ್ನು ಅಳತೆಗೋಲು ಮಾಡಿಕೊಳ್ಳುವಂತಿಲ್ಲ.

ಅಂದರೆ ಆ ದಿನದ ಸೊನ್ನೆಯಿಂದ ಏನೂ ಸಾಬೀತಾಗಲಿಲ್ಲ. ಸೊನ್ನೆಯ ಸ್ವಭಾವವೇ ಹಾಗೆ.

ಹೈಡ್ರೋಜನ್ ಸಲ್ಫೈಡ್ ಸೆನ್ಸರ್ ಒಂದು ಪುಟ್ಟ ರಾಸಾಯನಿಕ ಕೋಶ. ಒಳಗೆ ಗಂಧಕಾಮ್ಲದ ದ್ರಾವಣ, ಅದರಲ್ಲಿ ಸಾಮಾನ್ಯವಾಗಿ ಮೂರು ಎಲೆಕ್ಟ್ರೋಡ್. ಮೇಲೆ ನೀರು ಬಿಡದ, ಅನಿಲ ಬಿಡುವ ಟೆಫ್ಲಾನ್ ಪೊರೆ. ಅನಿಲ ಒಳಗೆ ಬಂದಷ್ಟು ವಿದ್ಯುತ್ ಹರಿಯುತ್ತದೆ, ಬರದಿದ್ದರೆ ಹರಿಯುವುದಿಲ್ಲ. ಶುದ್ಧ ಗಾಳಿಯಲ್ಲಿ ಗಟ್ಟಿಮುಟ್ಟಾದ ಕೋಶ ಸೊನ್ನೆ ಕೊಡುತ್ತದೆ. ಒಣಗಿದ ಕೋಶವೂ ಸೊನ್ನೆ ಕೊಡುತ್ತದೆ. ತಂತಿ ಕಿತ್ತುಹೋದ ಕೋಶದ್ದೂ ಸೊನ್ನೆಯೇ. ಆಮ್ಲಜನಕದ ಸೆನ್ಸರ್‌ಗೆ ಈ ತೊಂದರೆ ಇಲ್ಲ. ಗಾಳಿಯಲ್ಲಿ ಸದಾ 20.9% ಆಮ್ಲಜನಕ ಇರುವುದರಿಂದ ಸೆನ್ಸರ್ ಸೋತರೆ ಅಂಕಿ ಕೆಳಗಿಳಿದು ತಾನೇ ಅಲಾರಂ ಹೊಡೆಯುತ್ತದೆ. ವಿಷಾನಿಲದ ಸೆನ್ಸರ್ ಸದ್ದಿಲ್ಲದೆ ಸಾಯುತ್ತದೆ. ಈ ಮೌನ ಮುರಿಯಲೆಂದೇ ಸ್ವಯಂ ತಪಾಸಣೆ ಬಂದಿದ್ದು. ಅದು ಮಾರಾಟದ ಗಿಮಿಕ್ ಅಲ್ಲ.

ಎಲೆಕ್ಟ್ರೋಕೆಮಿಕಲ್ ಸೆನ್ಸರ್‌ನಲ್ಲಿ ಹೆಚ್ಚಾಗಿ ಮಾಡುವ ತಪಾಸಣೆ ಇಷ್ಟು. ನಿಗದಿತ ಸಮಯಕ್ಕೊಮ್ಮೆ ಎಲೆಕ್ಟ್ರೋಡ್‌ಗೆ ಕೆಲವೇ ಮಿಲಿವೋಲ್ಟ್‌ನ ಒಂದು ಸಣ್ಣ ಮಿಡಿತ ಕೊಡುತ್ತಾರೆ. ಎಲೆಕ್ಟ್ರೋಡ್ ಮತ್ತು ಆಮ್ಲ ಸೇರಿದ ಕಡೆ ಅದೊಂದು ಕೆಪಾಸಿಟರ್‌ನಂತೆ ತುಂಬಿಕೊಂಡು ಖಾಲಿಯಾಗುತ್ತದೆ. ಆ ಏರಿಳಿತದ ಆಕಾರ ನೋಡಿದರೆ ಆಮ್ಲ ಇದೆಯೇ, ಎಲೆಕ್ಟ್ರೋಡ್ ಒದ್ದೆಯಾಗಿದೆಯೇ, ತಂತಿ ಕೂಡಿದೆಯೇ ಎಂದು ಗೊತ್ತಾಗುತ್ತದೆ. ಒಣಗಿದ ಕೋಶದಲ್ಲಿ ಈ ಆಕಾರ ಕುಗ್ಗುತ್ತದೆ, ತಂತಿ ಕಡಿದರೆ ಏಳುವುದೇ ಇಲ್ಲ. ಒಳ್ಳೆಯ ಉಪಾಯ. ಬೇಸಿಗೆಯಲ್ಲಿ ನಮ್ಮ ಕಡೆಗೆ ಬೇಕಾದದ್ದೂ ಹೌದು. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ನೆರಳಿನಲ್ಲೇ 42–43 ಡಿಗ್ರಿ. ಬಿಸಿಲಿಗೆ ಕೂತ ಡಿಟೆಕ್ಟರ್ ಡಬ್ಬಿಯೊಳಗೆ ಅದಕ್ಕಿಂತ ಹೆಚ್ಚು. ಒಣ ಗಾಳಿ ಕೋಶದ ನೀರು ಹೀರುತ್ತದೆ, ಆಮ್ಲ ಗಟ್ಟಿಯಾಗುತ್ತದೆ, ಸ್ಪಂದನೆ ಮಂದವಾಗುತ್ತದೆ. ಮಳೆಗಾಲದಲ್ಲಿ ಅದೇ ಆಮ್ಲ ತೇವ ಹೀರಿ ಉಬ್ಬುತ್ತದೆ, ಕೆಲವೊಮ್ಮೆ ಜಿನುಗುತ್ತದೆ.

ಆದರೆ ಈ ಮಿಡಿತ ಹುಟ್ಟುವುದು ಕೋಶದ ಒಳಗೆ, ಮುಗಿಯುವುದೂ ಒಳಗೇ. ಅನಿಲ ಬರುವುದು ಹೊರಗಿನಿಂದ. ಅದು ನಡೆದು ಬರುವ ದಾರಿ ನೋಡಿ: ಮೊದಲು ಮಳೆ ನೀರು ತಡೆಯುವ ಟೋಪಿ, ಆಮೇಲೆ ಲೋಹದ ಸಿಂಟರ್ (ಪುಡಿ ಒತ್ತಿ ಮಾಡಿದ ಸಣ್ಣ ರಂಧ್ರಗಳ ಬಿಲ್ಲೆ) ಅಥವಾ ಜಾಳಿಗೆ, ಧೂಳಿನ ಫಿಲ್ಟರ್, ಟೆಫ್ಲಾನ್ ಪೊರೆ, ಕೂದಲೆಳೆಯಷ್ಟು ರಂಧ್ರ, ಆಮೇಲೆ ಎಲೆಕ್ಟ್ರೋಡ್. ಅಲ್ಲಿಂದ ಮುಂದೆ ಸರ್ಕ್ಯೂಟ್, ಅಳತೆಯನ್ನು 4–20 ಮಿಲಿಆಂಪ್ ಕರೆಂಟಾಗಿ ಸಾಗಿಸುವ ಕೇಬಲ್ (4 ಎಂದರೆ ಸೊನ್ನೆ), ಪ್ಯಾನೆಲ್, ರಿಲೇ, ಕೊನೆಗೆ ಹೂಟರ್. ಈ ಮಿಡಿತದ ಪರೀಕ್ಷೆ ಎಲೆಕ್ಟ್ರೋಡ್‌ನಿಂದ ಸರ್ಕ್ಯೂಟ್‌ವರೆಗಿನ ತುಂಡನ್ನು ಮಾತ್ರ ನೋಡುತ್ತದೆ. ಟೋಪಿಯಿಂದ ರಂಧ್ರದವರೆಗೆ ಏನಾಗಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಹೂಟರ್ ಕೂಗುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಮುಚ್ಚಿಹೋಗುವುದು ಆ ಮೊದಲ ತುಂಡೇ. ಸಿಮೆಂಟ್ ಧೂಳು, ಶಹಾಬಾದ್ ಕಲ್ಲು ಕೊಯ್ಯುವ ಕಡೆಯ ಬಿಳಿ ಹಿಟ್ಟು, ದಾಲ್ ಮಿಲ್‌ನ ತೊಗರಿ ಹೊಟ್ಟು, ಮೊದಲ ಮಳೆಗೆ ಸಿಡಿಯುವ ಎರೆಮಣ್ಣು. ಎರೆಮಣ್ಣು ಒದ್ದೆಯಾಗಿ ಸಿಂಟರ್‌ಗೆ ಹತ್ತಿ ಒಣಗಿತೆಂದರೆ ಗಿಲಾಯ ಮಾಡಿದಂತೆಯೇ. ಇಟಿಪಿ ಹತ್ತಿರ ಏರೇಟರ್ ಚಿಮ್ಮಿಸುವ ನೊರೆ ಬೇರೆ. ಜೇಡ ಟೋಪಿಯೊಳಗೆ ಗೂಡು ಕಟ್ಟುತ್ತದೆ, ಪೇಂಟ್ ಹೊಡೆಯುವವನು ಸಿಂಟರ್‌ಗೂ ಒಂದು ಕೈ ಬಳಿದು ಹೋಗುತ್ತಾನೆ. ಇಂಥ ಡಿಟೆಕ್ಟರ್ ಗಂಟೆಗಂಟೆಗೂ ತನ್ನನ್ನು ತಾನೇ ಪರೀಕ್ಷಿಸಿಕೊಂಡು "ಎಲ್ಲ ಸರಿ" ಎನ್ನುತ್ತಲೇ ಇರುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. ಕೋಶ ಸರಿಯೇ ಇದೆ, ಬಾಗಿಲು ಮುಚ್ಚಿದೆ ಅಷ್ಟೆ.

ಈ ಕೊರತೆ ತಯಾರಕರಿಗೂ ಗೊತ್ತು. ಅದಕ್ಕೇ ಕೆಲವು ಮಾದರಿಗಳು ಒಳಹೊಗುವ ದಾರಿಯನ್ನು ಶಬ್ದದ ಅಲೆ ಬಿಟ್ಟು ಪರೀಕ್ಷಿಸುತ್ತವೆ. ಮುಚ್ಚಿದ್ದರೆ ಪ್ರತಿಧ್ವನಿ ಬದಲಾಗುತ್ತದೆ. ಇನ್ನು ಕೆಲವು ಪುಟ್ಟ ಎಲೆಕ್ಟ್ರೋಲೈಟಿಕ್ ಜನರೇಟರ್ ಇಟ್ಟುಕೊಂಡು, ಬೇಕೆಂದಾಗ ಒಂದಿಷ್ಟು ಅನಿಲ ಹುಟ್ಟಿಸಿ ಸೆನ್ಸರ್‌ಗೆ ತೋರಿಸುತ್ತವೆ. ಬರೀ ಮಿಡಿತಕ್ಕಿಂತ ಇದು ಮೇಲು, ನಿಜವಾದ ಅನಿಲಕ್ಕೆ ಸೆನ್ಸರ್ ಸ್ಪಂದಿಸುವುದು ಕಾಣುತ್ತದೆ. ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಆ ಅನಿಲ ಸಿಂಟರ್‌ನ ಹೊರಗಿನಿಂದ ಬರುತ್ತದೆಯೋ, ಒಳಗಿನಿಂದಲೋ? ಒಳಗಿನಿಂದ ಎಂದಾದರೆ ಎರೆಮಣ್ಣಿನ ಸಮಸ್ಯೆ ಹಾಗೇ ಉಳಿಯಿತು. ಜನರೇಟರ್ ಕೂಡ ಒಂದು ಕೋಶವೇ, ಅದೂ ಒಣಗುತ್ತದೆ. ಒಣಗಿದಾಗ "ಟೆಸ್ಟ್ ಫೇಲ್" ಎಂದು ಬರುವುದರಿಂದ ತಪ್ಪಾದರೂ ಸುರಕ್ಷಿತ ಕಡೆಗೇ ಆಗುತ್ತದೆ ಎಂಬುದು ಸಮಾಧಾನ.

ನಿಮ್ಮ ಗೋದಾಮಿನ ಎಲ್‌ಇಎಲ್ ಡಿಟೆಕ್ಟರ್‌ಗಳ ಕಥೆ ಬೇರೆ. ಅವು ಬಹುಶಃ ಕ್ಯಾಟಲಿಟಿಕ್ ಬೀಡ್, ಅಂದರೆ ಪೆಲ್ಲಿಸ್ಟರ್. ಸುಮಾರು 500 ಡಿಗ್ರಿಗೆ ಕಾದ ಮಣಿಯ ಮೇಲೆ ಆವಿ ಉರಿದು ಬಿಸಿ ಏರುತ್ತದೆ, ಬ್ರಿಡ್ಜ್ ಸರ್ಕ್ಯೂಟ್ ಆ ವ್ಯತ್ಯಾಸ ಅಳೆಯುತ್ತದೆ. ಮಣಿಯ ತಂತಿ ಕಡಿದರೆ ಸರ್ಕ್ಯೂಟ್‌ಗೆ ತಕ್ಷಣ ತಿಳಿಯುತ್ತದೆ. ಮಣಿಗೆ ವಿಷ ಏರಿದರೆ ತಿಳಿಯುವುದಿಲ್ಲ. ಸಿಲಿಕೋನ್ ಸೀಲಂಟ್, ಸಿಲಿಕೋನ್ ಇರುವ ಸ್ಪ್ರೇ, ಗ್ರೀಸ್ ಇವುಗಳ ಆವಿ ಮಣಿಯ ಮೇಲೆ ಗಾಜಿನ ಪದರ ಕಟ್ಟುತ್ತದೆ, ಆ ಮಣಿ ಮತ್ತೆ ಏಳುವುದಿಲ್ಲ. ಹೈಡ್ರೋಜನ್ ಸಲ್ಫೈಡ್, ಕ್ಲೋರಿನ್ ಇರುವ ಸಾಲ್ವೆಂಟ್‌ಗಳು ಮಂಕು ಹಿಡಿಸುತ್ತವೆ; ಶುದ್ಧ ಗಾಳಿಯಲ್ಲಿ ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ, ಕೆಲವೊಮ್ಮೆ ಇಲ್ಲ. ವಿಷ ಏರಿದ ಮಣಿ ಮೊದಲು ಕಳೆದುಕೊಳ್ಳುವುದು ಮೀಥೇನ್ ಹಿಡಿಯುವ ಶಕ್ತಿಯನ್ನು. ಅದಕ್ಕೇ ನಿಮ್ಮಲ್ಲಿ ಮೀಥೇನ್ ಇಲ್ಲದಿದ್ದರೂ ಬಂಪ್ ಟೆಸ್ಟ್ ಮೀಥೇನ್‌ನಿಂದ ಮಾಡಿದರೆ ರೋಗ ಬೇಗ ಸಿಕ್ಕಿಬೀಳುತ್ತದೆ. ಇನ್ನೊಂದು ಮಾತು. ಮಣಿ ಉರಿಸಲು ಆಮ್ಲಜನಕ ಬೇಕು. ನೈಟ್ರೋಜನ್ ತುಂಬಿದ ಟ್ಯಾಂಕ್ ಅಥವಾ ರಿಯಾಕ್ಟರ್ ಬಾಯಿಗೆ ಪೆಲ್ಲಿಸ್ಟರ್ ಹಿಡಿದು ಸೊನ್ನೆ ಬಂತು ಎಂದು ಬಿಸಿ ಕೆಲಸಕ್ಕೆ ಪರ್ಮಿಟ್ ಕೊಡಬೇಡಿ.

ಟಾಲ್ವೀನ್, ಮೆಥನಾಲ್‌ಗೆ ಇನ್‌ಫ್ರಾರೆಡ್ ಡಿಟೆಕ್ಟರ್ ಇದೆ. ನಿಜವಾದ ಅರ್ಥದಲ್ಲಿ ತನ್ನನ್ನು ತಾನೇ ನೋಡಿಕೊಳ್ಳುವುದು ಅದು. ಹೈಡ್ರೋಕಾರ್ಬನ್ ಹೀರುವ ತರಂಗ ಒಂದು, ಹೀರದ ತರಂಗ ಇನ್ನೊಂದು. ಎರಡರ ಅನುಪಾತದಿಂದ ಅಳತೆ. ಶುದ್ಧ ಗಾಳಿಯಲ್ಲೂ ಪೂರ್ತಿ ಬೆಳಕು ಬರುತ್ತಲೇ ಇರಬೇಕು. ದೀಪ ಆರಿದರೆ, ಗಾಜು ಮಸುಕಾದರೆ ಬೆಳಕು ಕುಗ್ಗಿ ಫಾಲ್ಟ್ ಬರುತ್ತದೆ. ಅಲ್ಲಿ ಸೊನ್ನೆಗೆ ಅರ್ಥವಿದೆ. ಅದಕ್ಕೆ ಆಮ್ಲಜನಕ ಬೇಕಿಲ್ಲ, ಸಿಲಿಕೋನ್ ವಿಷವೂ ತಟ್ಟದು. ಆದರೂ ಹೊರಗಿನ ಟೋಪಿ ಮುಚ್ಚಿಹೋದರೆ ಅದೂ ಮೋಸಹೋಗುತ್ತದೆ. ಹೈಡ್ರೋಜನ್ ಅದಕ್ಕೆ ಕಾಣುವುದೇ ಇಲ್ಲ. ನಿಮ್ಮ ಘಟಕದಲ್ಲಿ ಹೈಡ್ರೋಜನೇಶನ್ ವಿಭಾಗ ಇದ್ದರೆ ಅಲ್ಲಿ ಪೆಲ್ಲಿಸ್ಟರ್ ತೆಗೆದು ಇನ್‌ಫ್ರಾರೆಡ್ ಹಾಕುವುದು ದೊಡ್ಡ ತಪ್ಪು. ಖರೀದಿ ಮಾಡುವಾಗ ಯಾವ ಆವಿಗೆ ಕ್ಯಾಲಿಬ್ರೇಶನ್ ಮಾಡಿಕೊಡುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ. ಮೀಥೇನ್‌ಗೆ ಹೊಂದಿಸಿದ್ದು ಮೆಥನಾಲ್‌ಗೆ ಅದೇ ಅಂಕಿ ಕೊಡುವುದಿಲ್ಲ.

ಈಗ "ಬಂಪ್ ಟೆಸ್ಟ್ ಬೇಡ" ಎಂಬ ಮಾತಿಗೆ ಬರುತ್ತೇನೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಸೆನ್ಸರ್ ಸರಾಸರಿ 10 ವರ್ಷಕ್ಕೊಮ್ಮೆ ಸದ್ದಿಲ್ಲದೆ ಕೈಕೊಡುತ್ತದೆ ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ ಅಷ್ಟೆ. ಸ್ವಯಂ ತಪಾಸಣೆ ಇಲ್ಲದ ಸೆನ್ಸರ್‌ಗೆ ವರ್ಷಕ್ಕೊಮ್ಮೆ ಗ್ಯಾಸ್ ಹಿಡಿದರೆ, ಸತ್ತದ್ದು ಸರಾಸರಿ ಆರು ತಿಂಗಳು ಗೋಡೆಯ ಮೇಲೆ ಹಾಗೇ ಇರುತ್ತದೆ. ಸೋರಿಕೆಯ ದಿನ ಅದು ಸತ್ತಿರುವ ಸಾಧ್ಯತೆ 5%. ಅದೇ ಸೆನ್ಸರ್‌ಗೆ ತಿಂಗಳಿಗೊಮ್ಮೆ ಗ್ಯಾಸ್ ಹಿಡಿದರೆ 0.4%. ಹೊಸ ಸೆನ್ಸರ್‌ನ ತಪಾಸಣೆ ನೂರರಲ್ಲಿ 60 ದೋಷ ಹಿಡಿಯುತ್ತದೆ, ಗ್ಯಾಸ್ ವರ್ಷಕ್ಕೊಮ್ಮೆ ಮಾತ್ರ ಎಂದಾದರೆ 2%. ತಪಾಸಣೆ 90 ದೋಷ ಹಿಡಿದರೂ 0.5%. ಅಂದರೆ ವರ್ಷಕ್ಕೊಮ್ಮೆ ಮಾತ್ರ ಗ್ಯಾಸ್ ಕಾಣುವ ಬಲು ಜಾಣ ಸೆನ್ಸರ್, ತಿಂಗಳಿಗೊಮ್ಮೆ ಪ್ರಾಮಾಣಿಕವಾಗಿ ಬಂಪ್ ಮಾಡಿದ ಹಳೆಯ ದಡ್ಡ ಸೆನ್ಸರ್‌ಗಿಂತ ಮೇಲಲ್ಲ. ಅದೇ ಜಾಣ ಸೆನ್ಸರ್‌ಗೆ ಮೂರು ತಿಂಗಳಿಗೊಮ್ಮೆ ಗ್ಯಾಸ್ ಹಿಡಿಯಿರಿ, ಸಾಧ್ಯತೆ 0.13%ಕ್ಕೆ ಇಳಿಯುತ್ತದೆ. ಹೊಸ ತಂತ್ರಜ್ಞಾನದ ಲಾಭ ಅಲ್ಲಿದೆ: ಬಂಪ್‌ನ ಅಂತರ ಹಿಗ್ಗಿಸಬಹುದು, ಬಂಪ್ ಬಿಡಲಾಗದು.

ಮಾರಾಟಗಾರರೊಂದಿಗೆ ವಾದ ಮಾಡಬೇಕಿಲ್ಲ. ಎಸ್‌ಐಎಲ್ 2 ಎಂಬ ಸುರಕ್ಷತಾ ಮಟ್ಟದ ಪ್ರಮಾಣಪತ್ರ ಇದೆ ಎಂದು ಅವರು ಹೇಳಿದರೆ, ಅದರ ಜೊತೆಗಿರುವ ಸೇಫ್ಟಿ ಮ್ಯಾನ್ಯುಯಲ್ ಕೇಳಿ. ಸುರಕ್ಷತಾ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61508ರ ಪ್ರಕಾರ ಪ್ರಮಾಣೀಕರಿಸಿದ ಉಪಕರಣಕ್ಕೆ ಅದು ಇರಲೇಬೇಕು. ಅದರಲ್ಲಿ ತಪಾಸಣೆಗೆ ಸಿಗದ ಅಪಾಯಕಾರಿ ದೋಷಗಳ ದರ ಕೊಟ್ಟಿರುತ್ತಾರೆ, ಪ್ರೂಫ್ ಟೆಸ್ಟ್ (ಅಡಗಿದ ದೋಷ ಹುಡುಕುವ ನಿಯತ ಪರೀಕ್ಷೆ) ಎಷ್ಟು ದಿನಕ್ಕೊಮ್ಮೆ, ಹೇಗೆ ಮಾಡಬೇಕು ಎಂದೂ ಬರೆದಿರುತ್ತಾರೆ. ಪ್ರೂಫ್ ಟೆಸ್ಟ್‌ನ ಹಂತಗಳಲ್ಲಿ "ಟೆಸ್ಟ್ ಗ್ಯಾಸ್ ಹಿಡಿಯಿರಿ" ಎಂಬ ಸಾಲು ಸಿಗುತ್ತದೆ. ಆ ಪುಟವನ್ನು ಮ್ಯಾನೇಜ್‌ಮೆಂಟ್ ಮುಂದಿಡಿ, ಸಾಕು.

ಹೊಸ ಸೆನ್ಸರ್ ತಂದವರು ಮುಗ್ಗರಿಸುವ ಇನ್ನೊಂದು ಜಾಗ ಪ್ಯಾನೆಲ್. ಸೆನ್ಸರ್ ತನ್ನ ದೋಷ ಕಂಡುಹಿಡಿದು ಕರೆಂಟನ್ನು 4 ಮಿಲಿಆಂಪ್‌ಗಿಂತ ಕೆಳಗಿಳಿಸುತ್ತದೆ. ನಾಮೂರ್ ಎಂಬ ಉದ್ಯಮ ಸಂಘದ ಎನ್‌ಇ 43 ರೂಢಿಯಂತೆ 3.6 ಅಥವಾ ಅದಕ್ಕೂ ಕಡಿಮೆ ಬಂದರೆ ಫಾಲ್ಟ್. ಎಷ್ಟೋ ಹಳೆಯ ಪ್ಯಾನೆಲ್ ಮತ್ತು ಪಿಎಲ್‌ಸಿ ಎಂಬ ನಿಯಂತ್ರಣ ಕಂಪ್ಯೂಟರ್‌ಗಳಲ್ಲಿ 4ಕ್ಕಿಂತ ಕಡಿಮೆ ಬಂದದ್ದೆಲ್ಲ ಸೊನ್ನೆ ಎಂದೇ ಹೊಂದಿಸಿರುತ್ತಾರೆ. ಸೆನ್ಸರ್ "ನಾನು ಕೆಟ್ಟಿದ್ದೇನೆ" ಎಂದು ಕೂಗುತ್ತಿರುತ್ತದೆ, ಪ್ಯಾನೆಲ್ ಅದನ್ನು "ಸೊನ್ನೆ ಪಿಪಿಎಂ, ಎಲ್ಲ ಕ್ಷೇಮ" ಎಂದು ಅನುವಾದಿಸುತ್ತದೆ. ದುಬಾರಿ ಸೆನ್ಸರ್‌ಗೆ ಕೊಟ್ಟ ಹಣ ಅಲ್ಲಿಗೆ ನೀರಿಗೆ ಹೋಯಿತು. ಹೊಸದು ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಬಹುದು, ಖರ್ಚಿಲ್ಲ. ಕಂಟ್ರೋಲ್ ರೂಮ್‌ಗೆ ತಿಳಿಸಿ, ಟ್ರಿಪ್ (ತಾನಾಗಿ ಯಂತ್ರ ನಿಲ್ಲಿಸುವ ವ್ಯವಸ್ಥೆ) ಇದ್ದರೆ ಇನ್‌ಹಿಬಿಟ್ ಮಾಡಿ, ಅಂದರೆ ತಾತ್ಕಾಲಿಕವಾಗಿ ತಡೆಹಿಡಿಯಿರಿ, ಪ್ಯಾನೆಲ್ ಕಡೆಯ ಟರ್ಮಿನಲ್‌ನಲ್ಲಿ ಒಂದು ಡಿಟೆಕ್ಟರ್‌ನ ಸಿಗ್ನಲ್ ತಂತಿ ಬಿಚ್ಚಿ. ಹಳದಿ ಫಾಲ್ಟ್ ದೀಪ ಹತ್ತಿ ಬಝರ್ ಹೊಡೆಯಬೇಕು. ಸೊನ್ನೆಯೇ ನಿಂತರೆ ಮೊದಲು ಪ್ಯಾನೆಲ್ ಸರಿಮಾಡಿಸಿ. ಗೋದಾಮಿನಂಥ ಅಪಾಯದ ಜಾಗದಲ್ಲಿರುವ ಡಿಟೆಕ್ಟರ್‌ನ ಫ್ಲೇಮ್‌ಪ್ರೂಫ್ ಮುಚ್ಚಳವನ್ನು ಕರೆಂಟ್ ಇದ್ದಾಗ ತೆರೆಯಬೇಡಿ; ಅದಕ್ಕೇ ಪ್ಯಾನೆಲ್ ಕಡೆಯಿಂದ ಅಂದೆ.

ಬಂಪ್ ಟೆಸ್ಟ್ ಮಾಡುವ ರೀತಿಯಲ್ಲೂ ಎಡವುತ್ತಾರೆ. ಟೆಕ್ನಿಶಿಯನ್‌ಗಳು ಸಿಂಟರ್ ಟೋಪಿ ಬಿಚ್ಚಿ ನೇರ ಕೋಶದ ಮೇಲೆ ಗ್ಯಾಸ್ ಬಿಡುತ್ತಾರೆ. ಅಂಕಿ ಚೆನ್ನಾಗಿ ಬರುತ್ತದೆ, ರಿಜಿಸ್ಟರ್‌ಗೆ ಸಹಿ ಬೀಳುತ್ತದೆ, ಕಟ್ಟಿಕೊಂಡ ಟೋಪಿ ಮತ್ತೆ ತಿರುಗಿಸಿ ಕೂರಿಸುತ್ತಾರೆ. ಹಿಡಿಯಬೇಕಿದ್ದ ದೋಷವನ್ನೇ ಕೈಯಿಂದ ತೆಗೆದಿಟ್ಟು ಪರೀಕ್ಷೆ ಮಾಡಿದಂತಾಯಿತು. ಟೋಪಿ, ಫಿಲ್ಟರ್ ಎಲ್ಲ ಇದ್ದ ಹಾಗೇ ಇರಲಿ, ಕಪ್ ಅದರ ಮೇಲೆ ಕೂರಿಸಿ. ನಿಮ್ಮ ಡಿಟೆಕ್ಟರ್‌ಗೆ 25 ಪಿಪಿಎಂ ಹೈಡ್ರೋಜನ್ ಸಲ್ಫೈಡ್ ಸಿಲಿಂಡರ್ ಸಾಮಾನ್ಯವಾಗಿ ಹೊಂದುತ್ತದೆ. ಫಿಕ್ಸೆಡ್ ಫ್ಲೋ ರೆಗ್ಯುಲೇಟರ್ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಇರಲಿ, ಹೆಚ್ಚಾಗಿ ನಿಮಿಷಕ್ಕೆ ಅರ್ಧ ಲೀಟರ್. ಸಿಲಿಂಡರ್ ಮೇಲಿನ ಎಕ್ಸ್‌ಪೈರಿ ತಾರೀಖು ನೋಡಿ. ಈ ಅನಿಲ ಚಂಚಲ, ಅವಧಿ ಮುಗಿದ ಸಿಲಿಂಡರ್‌ನಲ್ಲಿ 25 ಎಂದು ಬರೆದಿದ್ದರೂ ಒಳಗೆ ಅಷ್ಟಿರುವುದಿಲ್ಲ. ಪೈಪ್ ಟೆಫ್ಲಾನ್‌ದು, ಆದಷ್ಟು ಗಿಡ್ಡ. ರಬ್ಬರ್, ಸಿಲಿಕೋನ್ ಪೈಪ್ ಈ ಅನಿಲವನ್ನು ತಾನೇ ಕುಡಿಯುತ್ತದೆ.

ಕೈಯಲ್ಲಿ ಸ್ಟಾಪ್‌ವಾಚ್ ಇರಲಿ. ಕೊನೆಯ ಅಂಕಿಗಿಂತ ಅಲ್ಲಿಗೆ ಮುಟ್ಟಲು ಹಿಡಿದ ಹೊತ್ತು ಹೆಚ್ಚು ಮಾತಾಡುತ್ತದೆ, ಏಕೆಂದರೆ ಕಪ್ ಕಟ್ಟಿ ಗ್ಯಾಸ್ ತಳ್ಳಿದಾಗ ಅರ್ಧ ಮುಚ್ಚಿದ ಫಿಲ್ಟರ್ ಮೂಲಕವೂ ಕೊನೆಗೆ ಪೂರ್ತಿ ಅಂಕಿ ಬಂದುಬಿಡುತ್ತದೆ. ಹೊಸದಾಗಿ ಕೂರಿಸಿದ ದಿನ ಅಂತಿಮ ಅಂಕಿಯ 90% ಮುಟ್ಟಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆದಿಟ್ಟುಕೊಳ್ಳಿ, ಸಾಮಾನ್ಯವಾಗಿ 30ರ ಆಸುಪಾಸು. ಅದು ದುಪ್ಪಟ್ಟಾದ ದಿನ ಫಿಲ್ಟರ್ ಬದಲಿಸಿ, ಮತ್ತೆ ನೋಡಿ. ಆಗಲೂ ನಿಧಾನವಾದರೆ ಕೋಶ ಒಣಗುತ್ತಿದೆ. ಹೂಟರ್ ಹೊಡೆಯಿತೇ, ಪ್ಯಾನೆಲ್‌ನ ಅಂಕಿ ಡಿಟೆಕ್ಟರ್‌ನ ಅಂಕಿಗೆ ತಾಳೆಯಾಯಿತೇ, ಇದನ್ನೂ ನೋಡಿ. ಮುಗಿದ ಮೇಲೆ ಇನ್‌ಹಿಬಿಟ್ ತೆಗೆಯಿರಿ. ಮರೆತದ್ದಾದರೆ ಪರೀಕ್ಷೆ ಮಾಡದೇ ಬಿಟ್ಟದ್ದಕ್ಕಿಂತ ಕೆಟ್ಟದ್ದು. ಎಲ್‌ಇಎಲ್ ಡಿಟೆಕ್ಟರ್‌ಗೆ ಸಿಗರೇಟ್ ಲೈಟರ್‌ನ ಗ್ಯಾಸ್ ಹಿಡಿದು "ನೋಡ್ರಿ ಹೊಡೀತು" ಎನ್ನುವ ಚಾಳಿ ಇದ್ದರೆ ನಿಲ್ಲಿಸಿ. ಅಷ್ಟು ದಟ್ಟ ಗ್ಯಾಸ್ ಮಣಿಯನ್ನು ಹಾಳುಮಾಡುತ್ತದೆ, ಅಳತೆಯೂ ಸಿಗುವುದಿಲ್ಲ.

ಕ್ಯಾಲಿಬ್ರೇಶನ್ ಮಾಡುವ ಮುನ್ನ ಬಂದ ಅಂಕಿಯನ್ನು ತಿದ್ದದೆ ಬರೆಯಿರಿ. 25ಕ್ಕೆ 17 ತೋರಿಸಿತು ಎಂದರೆ ಅದು 17. ಅದನ್ನು ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿಸಿ 25 ಮಾಡಿ "25" ಎಂದಷ್ಟೇ ಬರೆದರೆ ಸೆನ್ಸರ್ ಸಾಯುತ್ತಿರುವ ಸುದ್ದಿ ರಿಜಿಸ್ಟರ್‌ನಲ್ಲಿ ಎಲ್ಲೂ ಉಳಿಯದು.

ಇನ್ನು ನಿಮ್ಮ ಮುಂದಿನ ದಾರಿ. ಹಳೆಯ ನಾಲ್ಕನ್ನೇ ಇಟ್ಟುಕೊಂಡು ತಿಂಗಳಿಗೊಮ್ಮೆ ಬಂಪ್, ಮೂರು ತಿಂಗಳಿಗೊಮ್ಮೆ ಕ್ಯಾಲಿಬ್ರೇಶನ್ ಮಾಡಬಹುದು. ಎರಡು-ಮೂರು ವರ್ಷ ದಾಟಿದ ಕೋಶ ಬದಲಿಸಿ. ಇದರ ಅಪಾಯ ಮನುಷ್ಯನದು: ಕೂತಲ್ಲೇ ರಿಜಿಸ್ಟರ್ ತುಂಬುವುದು. ಸ್ವಯಂ ತಪಾಸಣೆಯ ಸೆನ್ಸರ್ ತಂದರೆ ಮೊದಲ ಆರು ತಿಂಗಳು ತಿಂಗಳ ಬಂಪ್ ಹಾಗೇ ನಡೆಸಿ, ಅದರಲ್ಲಿ ಒಂದು ಬೇಸಿಗೆಯೂ ಮಳೆಗಾಲದ ಒಂದೆರಡು ತಿಂಗಳೂ ಬರಲಿ. ಪ್ರತಿ ಸಲ ಅಂಕಿ 10% ಒಳಗೆ, ಹೊತ್ತು ಹಳೆಯದರಷ್ಟೇ ಇದ್ದರೆ ಎರಡು ತಿಂಗಳಿಗೆ, ಆಮೇಲೆ ಮೂರಕ್ಕೆ ಹಿಗ್ಗಿಸಿ, ತಯಾರಕರ ಮ್ಯಾನ್ಯುಯಲ್‌ನ ಮಿತಿ ದಾಟದಂತೆ. ಒಂದು ಸಲ ತಪ್ಪಿದರೂ ಮತ್ತೆ ತಿಂಗಳಿಗೆ ಬನ್ನಿ. ಇಲ್ಲಿಯ ಅಪಾಯ ನೆಮ್ಮದಿಯದು: ಹಸಿರು ದೀಪ ನೋಡಿ ಯಾರೂ ಟೋಪಿಯತ್ತ ತಿರುಗಿ ನೋಡುವುದಿಲ್ಲ. ಎರಡು ಸೆನ್ಸರ್ ಜೋಡಿಸಿ ಒಂದನ್ನೊಂದು ತಾಳೆ ನೋಡುವ ಮಾದರಿಯೂ ಇದೆ, ಆದರೆ ಎರಡೂ ಒಂದೇ ಟೋಪಿಯೊಳಗಿದ್ದರೆ ಒಂದೇ ಎರೆಮಣ್ಣು ಎರಡನ್ನೂ ಮುಚ್ಚುತ್ತದೆ.

ನನ್ನ ಕೈಯಲ್ಲಿ ನಿರ್ಧಾರ ಇದ್ದರೆ ಗೋದಾಮಿನ ಪೆಲ್ಲಿಸ್ಟರ್‌ಗಳನ್ನು ಇನ್‌ಫ್ರಾರೆಡ್‌ಗೆ ಬದಲಿಸುವುದಕ್ಕೆ ಮೊದಲ ಹಣ ಹಾಕುತ್ತಿದ್ದೆ, ಇಟಿಪಿಯ ಸೆನ್ಸರ್‌ಗೆ ಎರಡನೆಯದು. ಡಿಟೆಕ್ಟರ್‌ಗಳ ಮೇಲೆ ಗಾಳಿಯಾಡುವಂತೆ ತಗಡಿನ ನೆರಳು ಕಟ್ಟಿಸಲು ಬಜೆಟ್ ಬೇಕಿಲ್ಲ, ಅದನ್ನು ಈ ವಾರವೇ ಮಾಡಿಸಿ. ಬಿಡಿ ಕೋಶಗಳನ್ನು ಸಾಲ್ವೆಂಟ್ ಇಟ್ಟ ಅಲಮಾರಿಯಲ್ಲಿ ಇಡಬೇಡಿ.

ಟ್ಯಾಂಕ್ ಒಳಗೆ ಇಳಿಯುವವರ ಕೈಯಲ್ಲಿರುವ ಪೋರ್ಟಬಲ್ ಮೀಟರ್‌ಗೆ ಮಾತ್ರ ಈ ಹಿಗ್ಗಿಸುವ ಮಾತು ಯಾವುದೂ ಅನ್ವಯಿಸುವುದಿಲ್ಲ. ಅದು ಎಷ್ಟೇ ಜಾಣವಾಗಿರಲಿ, ಬಳಸುವ ಪ್ರತಿ ದಿನ, ಇಳಿಯುವ ಮೊದಲು, ಗ್ಯಾಸ್ ಹಿಡಿದು ನೋಡಬೇಕು. ಮೀಟರ್ ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸಿ, ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಎರಡೆರಡು ನಿಮಿಷ ನಿಲ್ಲಿಸಿ ಓದಿ. ಕೆಸರು ಕೆದಕಿದಾಗ ಅನಿಲ ಒಮ್ಮೆಲೇ ಏಳುತ್ತದೆ, ಆದ್ದರಿಂದ ಇಳಿದವನ ಎದೆಯ ಮೇಲೆ ಮೀಟರ್ ಇದ್ದೇ ಇರಲಿ. ಅಂದು ಓಡಿ ಬಂದ ಆ ಕೆಲಸದವನಿಗೆ ಮೀಟರ್ ಸೊನ್ನೆ ಇತ್ತೆಂದು ಯಾರಾದರೂ ಗದರಿದ್ದರೆ, ಅವನು ಮಾಡಿದ್ದೇ ಸರಿ ಎಂದು ಎಲ್ಲರೆದುರು ಹೇಳಿ. ನಾಲ್ಕೂ ಡಿಟೆಕ್ಟರ್‌ಗೆ ಟೋಪಿ ಬಿಚ್ಚದೆ ನಾಳೆ ಗ್ಯಾಸ್ ಹಿಡಿಯಿರಿ. ಬಂದ ಅಂಕಿ, ಹಿಡಿದ ಸೆಕೆಂಡ್, ಎರಡನ್ನೂ ಬರೆದು ಕಳಿಸಿದರೆ ಯಾವುದು ಉಳಿಯಬಹುದು, ಯಾವುದನ್ನು ಬದಲಿಸಬೇಕು ಎಂದು ಹೇಳುತ್ತೇನೆ.